ದೇವರಾಜ ಅರಸು ಗೇಣಿದಾರನ ಕೈಗೆ ಜಮೀನು ತಲುಪಿಸಿದ್ದು ಹೇಗೆ? ಫಾರಂ 7, ಭೂನ್ಯಾಯ ಮಂಡಳಿ, ಹಾವನೂರು, 1980

ಲಕ್ಷ್ಮಣತೀರ್ಥ

ಆಗಸ್ಟ್ 20 ಬಂತೆಂದರೆ ಅರಸು ಅವರ ಬಗ್ಗೆ ಅದೇ ನಾಲ್ಕು ವಾಕ್ಯ ಎಲ್ಲ ಕಡೆ ಓಡಾಡುತ್ತವೆ. 1915ರಲ್ಲಿ ಹುಟ್ಟಿದರು, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರು, ಉಳುವವನಿಗೆ ಭೂಮಿ ಕೊಟ್ಟರು, ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಟ್ಟರು. ಒಂದೂ ಸುಳ್ಳಲ್ಲ. ಆದರೆ ಇದನ್ನೆಲ್ಲ ಹೇಗೆ ಮಾಡಿದರು ಎಂಬುದು ಎಲ್ಲೂ ಬರುವುದಿಲ್ಲ. ಭೂಸುಧಾರಣಾ ಕಾಯ್ದೆ 1961ರಲ್ಲೇ ಆಗಿತ್ತು, 1965ರ ಅಕ್ಟೋಬರ್ 2ರಿಂದ ಜಾರಿಯಲ್ಲೂ ಇತ್ತು. ಹಾಗಿದ್ದೂ ಹತ್ತು ವರ್ಷ ಗೇಣಿದಾರನ (ಒಡೆಯನಿಗೆ ಗೇಣಿ ತೆತ್ತು ಅವನ ಜಮೀನು ಉಳುವವನ) ಕೈಗೆ ಬಾರದ ಜಮೀನು 1974ರ ಮೇಲೆ ಬಂದದ್ದು ಯಾವುದರಿಂದ? ಈ ಚರ್ಚೆಯಲ್ಲಿ ಅದನ್ನು ಬಿಡಿಸಿ ಬರೆಯೋಣ. ವಿಷಯ ಗೊತ್ತಿರುವವರು ವಿವರ ಸಮೇತ ಬರೆಯಿರಿ, ತಪ್ಪಿದ್ದರೆ ತಿದ್ದಿ.

ಮೊದಲು ಅವರ ರಾಜಕೀಯದ ದಾರಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಊರಿಗೆ ಮರಳಿ ಬೇಸಾಯಕ್ಕೆ ನಿಂತವರು. 1941ರಲ್ಲಿ ಮೈಸೂರು ಪ್ರಜಾಪ್ರತಿನಿಧಿ ಸಭೆಗೆ ಬಂದರು, 1952ರಿಂದ ಹುಣಸೂರಿನ ಶಾಸಕ. ನಿಜಲಿಂಗಪ್ಪನವರ ಸಂಪುಟದಲ್ಲಿ ಮಂತ್ರಿ. 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಖಿಲ ಭಾರತ ಅಧ್ಯಕ್ಷರು ನಿಜಲಿಂಗಪ್ಪ, ಇಲ್ಲಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಇಬ್ಬರೂ ಇಂದಿರಾ ಗಾಂಧಿಯವರ ವಿರುದ್ಧದ ಬಣವಾದ ಸಂಸ್ಥಾ ಕಾಂಗ್ರೆಸ್‌ನಲ್ಲಿ ಉಳಿದರು. ರಾಜ್ಯದ ಘಟಾನುಘಟಿಗಳೆಲ್ಲ ಆ ಕಡೆ ಇದ್ದಾಗ ಇಂದಿರಾ ಗಾಂಧಿಯವರ ಪಕ್ಷವನ್ನು ಇಲ್ಲಿ ತಳದಿಂದ ಕಟ್ಟುವ ಹೊಣೆ ಅರಸು ಹೆಗಲಿಗೆ ಬಿತ್ತು. 1971ರ ಲೋಕಸಭೆಯಲ್ಲಿ ರಾಜ್ಯದ 27ಕ್ಕೆ 27 ಸ್ಥಾನ, 1972ರ ವಿಧಾನಸಭೆಯಲ್ಲಿ 216ರಲ್ಲಿ 165. 1972ರ ಮಾರ್ಚ್ 20ರಂದು ಮುಖ್ಯಮಂತ್ರಿಯಾದರು.

ಇಲ್ಲೊಂದು ಮಾತು ಮರೆಯಬಾರದು. ದೇವರಾಜ ಅರಸು ಅವರ ಜಾತಿಯಾದ ಅರಸು ಸಮುದಾಯ ಸಂಖ್ಯೆಯಲ್ಲಿ ಬಹಳ ಸಣ್ಣದು. ಜಾತಿಯ ಬಲದಿಂದ ಒಂದು ಜಿಲ್ಲೆಯನ್ನೂ ಹಿಡಿದಿಡುವಂತಿರಲಿಲ್ಲ. ಆಗಿನ ಮೈಸೂರು ರಾಜ್ಯದಲ್ಲಿ ಅಧಿಕಾರ ಲಿಂಗಾಯತ ಮತ್ತು ಒಕ್ಕಲಿಗ ಮುಖಂಡರ ನಡುವೆಯೇ ಓಡಾಡುತ್ತಿತ್ತು. ಅದರಾಚೆಗಿನವರನ್ನು ಒಟ್ಟುಗೂಡಿಸದೆ ಅವರು ಒಂದು ವರ್ಷವೂ ಉಳಿಯುತ್ತಿರಲಿಲ್ಲ. ಮುಂದೆ ಮಾಡಿದ ಕೆಲಸಗಳ ಬೇರು ಅಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ.

ಪಹಣಿ ಪುಟ

ಒಳ್ಳೆಯ ಪ್ರಶ್ನೆ ಎತ್ತಿದಿರಿ ಸರ್. ಕಾನೂನಿನ ಭಾಗ ನಾನು ಬರೆಯುತ್ತೇನೆ.

1961ರ ಕಾಯ್ದೆಯಲ್ಲಿ ಗೇಣಿದಾರನಿಗೆ ರಕ್ಷಣೆ ಇತ್ತು, ಆದರೆ ಒಡೆಯನಿಗೆ "ಸ್ವಂತ ಬೇಸಾಯ ಮಾಡುತ್ತೇನೆ" ಎಂದು ಜಮೀನು ವಾಪಸು ಪಡೆಯುವ ಅವಕಾಶವೂ ಇತ್ತು. ಆ ಕಿಂಡಿಯಲ್ಲೇ ಎಷ್ಟೋ ಒಕ್ಕಲು ಎದ್ದುಹೋದವು. 1974ರ 1ನೇ ತಿದ್ದುಪಡಿ ಕಾಯ್ದೆ ಅದನ್ನು ತಿರುವಿಹಾಕಿತು. 44ನೇ ಕಲಂ ಪ್ರಕಾರ 1974ರ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರದಲ್ಲಿ ನಿಹಿತವಾಯಿತು. ಅಂದರೆ ಅಂದಿನಿಂದ ಒಡೆಯ ಒಡೆಯನಲ್ಲ. ಅವನಿಗೆ ಉಳಿದದ್ದು ಪರಿಹಾರದ ಹಕ್ಕು ಮಾತ್ರ. ಆ ಪರಿಹಾರವೂ ಪೇಟೆ ಬೆಲೆಯಲ್ಲ, ಜಮೀನಿನ ನಿವ್ವಳ ವಾರ್ಷಿಕ ಆದಾಯದ ಇಷ್ಟು ಪಟ್ಟು ಎಂಬ ಲೆಕ್ಕ. ಗೇಣಿದಾರ ಇನ್ನು ಒಡೆಯನ ಜೊತೆ ಗುದ್ದಾಡಬೇಕಿಲ್ಲ, ಸರ್ಕಾರದ ಮುಂದೆ "ಉಳುತ್ತಿರುವವನು ನಾನು" ಎಂದು ತೋರಿಸಿಕೊಂಡರೆ ಸಾಕು. ಎಲ್ಲದರ ಕೀಲಿ ಇಲ್ಲಿದೆ.

ತೋರಿಸುವ ದಾರಿ ಫಾರಂ 7, 48ಎ ಕಲಂ ಅಡಿ. ಅರ್ಜಿದಾರನ ಹೆಸರು, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ, ಒಡೆಯನ ಹೆಸರು ವಿಳಾಸ, ಗೇಣಿಯ ವಿವರ ಬರೆದು ಕೊಡಬೇಕು. ಗಡುವು ಹಲವು ಸಲ ಮುಂದೆ ಹೋಯಿತು. ಕೊನೆಯದು 1979ರ ಜೂನ್ 30. ಅರ್ಜಿ ಹೋಗುತ್ತಿದ್ದುದು ತಾಲ್ಲೂಕಿನ ಭೂನ್ಯಾಯ ಮಂಡಳಿಗೆ. ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ವಕೀಲರಿಗೆ ಪ್ರವೇಶವಿರಲಿಲ್ಲ. ಮಂಡಳಿಯ ತೀರ್ಪಿನ ಮೇಲೆ ಆಗ ಮೇಲ್ಮನವಿಯೂ ಇರಲಿಲ್ಲ, ಹೈಕೋರ್ಟಿನಲ್ಲಿ ರಿಟ್ ಒಂದೇ ದಾರಿಯಾಗಿತ್ತು. ಸಿವಿಲ್ ಕೋರ್ಟಿನಲ್ಲಿ ದಾವೆ ನಡೆಯುತ್ತಿದ್ದು "ಇವನು ಗೇಣಿದಾರನೇ" ಎಂಬ ಪ್ರಶ್ನೆ ಬಂದರೆ ಕೋರ್ಟು ತಾನೇ ತೀರ್ಮಾನಿಸುವಂತಿಲ್ಲ, ಮಂಡಳಿಗೆ ಕಳಿಸಬೇಕು (133ನೇ ಕಲಂ).

ಮಂಡಳಿ ಒಪ್ಪಿದರೆ ಅರ್ಜಿದಾರ ಅಧಿಭೋಗದಾರ (ಜಮೀನಿನ ಹಕ್ಕುದಾರ) ಎಂದು ನೋಂದಣಿ, ಪ್ರೀಮಿಯಂ (ಜಮೀನಿಗಾಗಿ ಸರ್ಕಾರಕ್ಕೆ ಕೊಡುವ ಹಣ) ಕಟ್ಟಿದ ಮೇಲೆ ತಹಶೀಲ್ದಾರರಿಂದ ಫಾರಂ 10 ಪ್ರಮಾಣಪತ್ರ, ಕೊನೆಗೆ ಮ್ಯುಟೇಷನ್ (ಖಾತೆ ಬದಲಾವಣೆ) ಆಗಿ ಪಹಣಿಯ 9ನೇ ಕಾಲಂಗೆ ಹೆಸರು. ಪ್ರಮಾಣಪತ್ರ ಸಿಕ್ಕ ಮೇಲೂ 15 ವರ್ಷ ಮಾರುವಂತಿಲ್ಲ, ಮನೆಯೊಳಗೆ ಪಾಲು ಮಾಡಿಕೊಳ್ಳಬಹುದು, ಬ್ಯಾಂಕಿಗೆ ಅಡ ಇಡಬಹುದು.

ಕೂಲಿ ಮಾಡುತ್ತ ಒಡೆಯನ ಜಾಗದಲ್ಲಿ ಗುಡಿಸಲು ಹಾಕಿಕೊಂಡವರಿಗೆ ಬೇರೆ ಕಲಂ ಇತ್ತು. 38ನೇ ಕಲಂ, ಫಾರಂ 2ಎ. ವಾಸದ ಮನೆ ಮತ್ತು ಅದರ ಅಡಿಯ ಜಾಗ ಅವರದಾಗುತ್ತಿತ್ತು. ಇದರ ಬಗ್ಗೆ ಯಾರೂ ಬರೆಯುವುದಿಲ್ಲ, ಬರೆಯಬೇಕಾದದ್ದು.

ಕಡಲ ಕರೆ

ವಕೀಲರಿಗೆ ಪ್ರವೇಶವಿಲ್ಲ ಎಂದದ್ದು ಎಷ್ಟು ದೊಡ್ಡ ಸಂಗತಿ ಅಂತ ದಕ್ಷಿಣ ಕನ್ನಡದ ಕಡೆಯಿಂದ ನೋಡಿದರೆ ಗೊತ್ತಾಗುತ್ತದೆ ಮಾರಾಯ್ರೆ. ನಮ್ಮ ಕಡೆ ಗೇಣಿ ಎರಡು ಬಗೆ. ಮೂಲಗೇಣಿ ಅಂದರೆ ಶಾಶ್ವತ, ಗೇಣಿ ನಿಗದಿ, ತಲೆಮಾರಿನಿಂದ ತಲೆಮಾರಿಗೆ ಇಳಿಯುವಂಥದ್ದು. ಚಾಲಗೇಣಿ ಅಂದರೆ ಒಡೆಯರ ಮರ್ಜಿ, ಬೇಡ ಎಂದರೆ ಎದ್ದು ಹೋಗಬೇಕು. ಎಷ್ಟೋ ಕಡೆ ಮೇಲೆ ಒಡೆಯ, ನಡುವೆ ಮೂಲಗೇಣಿದಾರ, ಕೆಳಗೆ ಗದ್ದೆಗೆ ಇಳಿಯುವ ಚಾಲಗೇಣಿ ಒಕ್ಕಲು, ಹೀಗೆ ಮೂರು ಮೆಟ್ಟಿಲು. ತಿದ್ದುಪಡಿಯಲ್ಲಿ ಹಕ್ಕು ಸಿಕ್ಕಿದ್ದು ನಿಜವಾಗಿ ಉಳುವ ಒಕ್ಕಲಿಗೆ. ನಡುವಿನವನು ತಾನು ಉಳದೆ ಚಾಲಗೇಣಿಗೆ ಬಿಟ್ಟಿದ್ದರೆ ಅವನಿಗೆ ಸಿಗಲಿಲ್ಲ.

ಗೇಣಿ ಅಳೆಯುತ್ತಿದ್ದುದು ಅಕ್ಕಿ ಮುಡಿಯಲ್ಲಿ. ಬೈಹುಲ್ಲು ಸುತ್ತಿ, ಹಗ್ಗ ಬಿಗಿದು ಉಂಡೆ ಕಟ್ಟಿದ ಮುಡಿ ಒಡೆಯರ ಅಂಗಳಕ್ಕೆ ಹೊತ್ತು ಹಾಕಬೇಕು. ರಶೀದಿ ಎಲ್ಲಿಯದು? ಬಹಳ ಕಡೆ ಬಾಯಿಮಾತಿನ ಗೇಣಿ. ಸಿವಿಲ್ ಕೋರ್ಟಿನ ಲೆಕ್ಕದಲ್ಲಿ ಚೀಟಿ ಇಲ್ಲದವನು ಸೋತವನೇ. ಮಂಡಳಿಯಲ್ಲಿ ಹಾಗಲ್ಲ. ಅಕ್ಕಪಕ್ಕದ ಗದ್ದೆಯವರ ಹೇಳಿಕೆ, ಸ್ಥಳ ಮಹಜರು, ನಾಟಿ ಮಾಡುವವರು ಯಾರು, ಗೊಬ್ಬರ ಹೊರುವವರು ಯಾರು ಎಂಬ ವಿಚಾರಣೆ, ಇವೆಲ್ಲ ಸಾಕ್ಷಿಯಾಗುತ್ತಿದ್ದವು. ಊರು ಬಲ್ಲ ಸದಸ್ಯರು ಎದುರು ಕೂತಿರುವಾಗ "ಇವನು ನಮ್ಮ ಕೂಲಿಯವನು ಅಷ್ಟೇ" ಎಂದು ಒಡೆಯರು ಹೇಳುವುದು ಸುಲಭ ಇರಲಿಲ್ಲ. ಹಳಬರು ಈಗಲೂ "ಡಿಕ್ಲರೇಶನ್ ಕೊಟ್ಟ ಭೂಮಿ" ಅಂತಲೇ ಹೇಳುವುದು. ಫಾರಂ 7 ಅಂದರೆ ಅದೇ.

ಇಲ್ಲಿಯವರೇ ಆದ ಬಿ. ಸುಬ್ಬಯ್ಯ ಶೆಟ್ಟರು ಭೂಸುಧಾರಣಾ ಖಾತೆ ನೋಡಿಕೊಂಡದ್ದನ್ನೂ ಸೇರಿಸಿ. ಗೇಣಿ ಪದ್ಧತಿಯ ಒಳಹೊರಗು ಗೊತ್ತಿದ್ದವರ ಕೈಗೆ ಆ ಖಾತೆ ಕೊಟ್ಟದ್ದು ಅರಸರ ಜಾಣ್ಮೆ.

ಹೊಸಗಣ್ಣು

ಒಂದು ಸಂಶಯ. ಫಾರಂ 7, 7ಎ, 50, 53, 57 ಎಲ್ಲವೂ ಅರಸು ಕಾಲದ್ದೇ ಎಂದು ಎಷ್ಟೋ ಜನ ಬರೆಯುತ್ತಾರೆ. ಹಳೆಯ ಆದೇಶ ಹುಡುಕುವವರು ಎಲ್ಲಿಂದ ಶುರು ಮಾಡಬೇಕು ಎಂಬುದನ್ನೂ ದಯವಿಟ್ಟು ತಿಳಿಸಿ.

ಪಹಣಿ ಪುಟ

ಇಲ್ಲ, ಇವು ಬೇರೆ ಬೇರೆ. ಕಲಸಿದರೆ ಅರ್ಜಿಯೇ ತಪ್ಪು ಕಡೆ ಹೋಗುತ್ತದೆ.

ಫಾರಂ 7 ಖಾಸಗಿ ಒಡೆಯನ ಗೇಣಿ ಜಮೀನಿಗೆ, ಅರಸು ಕಾಲದ್ದು. ಫಾರಂ 7ಎ ಅದೇ ಕಾಯ್ದೆಗೆ 1990ರ ದಶಕದ ಕೊನೆಯಲ್ಲಿ ಸೇರಿದ 77ಎ ಕಲಮಿನದು. 1979ರ ಗಡುವಿನೊಳಗೆ ಫಾರಂ 7 ಹಾಕದೆ, ಆದರೆ ಜಮೀನು ಬಿಡದೆ ಉಳುತ್ತ ಬಂದವರಿಗಾಗಿ ಮಾಡಿದ್ದು. 50, 53, 57 ಇವು ಬಗರ್‌ಹುಕುಂ. ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿ ಸಕ್ರಮ. ಅವು ಭೂಕಂದಾಯ ಕಾಯ್ದೆಯಡಿ 1991, 1999, 2018ರ ಆಸುಪಾಸಿನವು. ಅರಸು ಅವರಿಗೂ ಅವಕ್ಕೂ ಸಂಬಂಧವಿಲ್ಲ.

ಹಳೆಯ ಆದೇಶ ಬೇಕಿದ್ದವರು ಮೊದಲು ಈಗಿನ ಪಹಣಿ ತೆಗೆಸಿ. ಹಕ್ಕು ಬಂದ ಬಗೆ ತೋರಿಸುವ ಕಾಲಮಿನಲ್ಲಿ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ನಂಬರು ಇರುತ್ತದೆ. ಆ ಮ್ಯುಟೇಷನ್ ಪ್ರತಿ ತೆಗೆಸಿದರೆ ಅದರಲ್ಲಿ ಭೂನ್ಯಾಯ ಮಂಡಳಿಯ ಆದೇಶದ ಸಂಖ್ಯೆ ಮತ್ತು ದಿನಾಂಕ ಸಿಗುತ್ತದೆ. ಆ ಎರಡನ್ನೂ ಹಾಕಿ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ದೃಢೀಕೃತ ಪ್ರತಿ ಕೇಳಿ. ಬರೀ ಅಜ್ಜನ ಹೆಸರು, ಊರು ಕೊಟ್ಟರೆ ಕಡತ ಹುಡುಕುವುದು ಬಹಳ ಕಷ್ಟ. 1974ಕ್ಕಿಂತ ಹಿಂದಿನ ಕೈಬರಹದ ಪಹಣಿಯನ್ನೂ ಜೊತೆಗೆ ತೆಗೆಸಿ. ಅದರ 12(2)ನೇ ಕಾಲಮಿನಲ್ಲಿ ಸಾಗುವಳಿದಾರ ಯಾರೆಂದು ಬರೆದಿರುತ್ತದೆ. ಪಹಣಿ ನಮೂದು ಸುಳ್ಳೆಂದು ರುಜುವಾಗುವವರೆಗೆ ನಿಜವೆಂದೇ ಕಾನೂನು ಭಾವಿಸುತ್ತದೆ. ಎಷ್ಟೋ ಅರ್ಜಿ ಗೆದ್ದದ್ದೂ ಸೋತದ್ದೂ ಆ ಒಂದು ಕಾಲಮಿನ ಮೇಲೆ.

ಯಾಕೆ ಸೋತವು ಎಂದರೆ, ಶ್ಯಾನುಭೋಗರು ಆ ಕಾಲಮಿನಲ್ಲಿ "ಸ್ವಂತ" ಎಂದು ಒಡೆಯನ ಹೆಸರನ್ನೇ ಬರೆದಿರುತ್ತಿದ್ದರು. ಅಥವಾ ಸರ್ವೆ ನಂಬರಿನ ಹಿಸ್ಸೆ ತಪ್ಪು. 45/2 ಉಳುವವನು 45/1 ಎಂದು ಬರೆಸಿದರೆ ಮುಗಿಯಿತು. ಇನ್ನೊಂದು ದೊಡ್ಡ ತೊಡಕು ಒಟ್ಟು ಕುಟುಂಬದ್ದು. ಅಣ್ಣ ಒಬ್ಬನೇ ಫಾರಂ 7 ಹಾಕಿ ಅವನ ಹೆಸರಿಗೆ ಆದೇಶವಾಗುತ್ತಿತ್ತು. ತಮ್ಮಂದಿರ ಮಕ್ಕಳು ಇವತ್ತು ಪಾಲಿನ ದಾವೆ ಹೂಡಿದಾಗ ಮೊದಲ ಪ್ರಶ್ನೆ, ಆ ಗೇಣಿ ಕುಟುಂಬದ್ದೋ ಅವನ ಸ್ವಂತದ್ದೋ ಎಂಬುದು. ಆಗಿನ ಅರ್ಜಿಯಲ್ಲಿ ಅಥವಾ ಹೇಳಿಕೆಯಲ್ಲಿ "ನಮ್ಮ ತಂದೆ ಕಾಲದಿಂದ" ಎಂಬ ಮಾತಿದೆಯೇ ನೋಡಿ, ದಾವೆಗೆ ಅದು ಆಧಾರ. ಆದ್ದರಿಂದ ಆದೇಶ ಒಂದೇ ಸಾಲದು, ಅರ್ಜಿಯ ಪ್ರತಿ ಮತ್ತು ಹೇಳಿಕೆಗಳ ಪ್ರತಿಯೂ ಬೇಕು.

ಹೈಕೋರ್ಟಿನಿಂದ ಮರುವಿಚಾರಣೆಗೆ ಬಂದ ಪ್ರಕರಣಗಳೂ ಬಹಳ. ಎಲ್ಲ ಒಡೆಯರಿಗೆ ನೋಟಿಸು ಜಾರಿಯಾಗಿರಲಿಲ್ಲ, ಸಾಕ್ಷಿ ಹೇಳಿಕೆ ಬರೆದುಕೊಂಡಿರಲಿಲ್ಲ, ಆದೇಶಕ್ಕೆ ಕಾರಣ ಕೊಟ್ಟಿರಲಿಲ್ಲ, ಇಂಥವು. ವೇಗಕ್ಕೆ ತೆತ್ತ ಬೆಲೆ. ಅಡ್ವೊಕೇಟರನ್ನು ಹೊರಗಿಟ್ಟ ಕಲಂ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟು 1987ರಲ್ಲಿ ಹೇಳಿತು. ಅಷ್ಟರಲ್ಲಿ ಬಹುಪಾಲು ಅರ್ಜಿಗಳ ಮೊದಲ ಸುತ್ತು ಮುಗಿದಿತ್ತು.

ಕೆಂಪುಮಣ್ಣು

ಎಲ್ಲ ಸರಿ ಸರ್, ಆದರೆ ಇನ್ನೊಂದು ಮಗ್ಗುಲು ಬರೆಯದಿದ್ದರೆ ಚರ್ಚೆ ಅರೆಬರೆ.

ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಫಾರಂ 7 ಬಂದವು, ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಗೇಣಿದಾರರಿಗೆ ಹಕ್ಕು ಸಿಕ್ಕಿತು, ವಿಸ್ತೀರ್ಣ ಸುಮಾರು 20 ಲಕ್ಷ ಎಕರೆ. ಭಾರತದಲ್ಲಿ ಇಂಥ ಕೆಲಸ ಕೈಬೆರಳಲ್ಲಿ ಎಣಿಸುವಷ್ಟು ರಾಜ್ಯಗಳಲ್ಲಿ ಆಯಿತು, ಗೌರವದಿಂದಲೇ ಹೇಳುತ್ತೇನೆ. ಆದರೆ ಅದರ ದೊಡ್ಡ ಪಾಲು ಕರಾವಳಿ ಮತ್ತು ಮಲೆನಾಡಿನದು. ಅಲ್ಲಿ ಗೇಣಿ ಎದ್ದು ಕಾಣುತ್ತಿತ್ತು, ಸಂಘಟನೆಯ ನೆನಪೂ ಇತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲೇ ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಸತ್ಯಾಗ್ರಹವಾಯಿತು. ಎಚ್. ಗಣಪತಿಯಪ್ಪ, ಶಾಂತವೇರಿ ಗೋಪಾಲಗೌಡ ಮುಂದೆ ನಿಂತರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನವಾದರು. ಕಡಿದಾಳ್ ಮಂಜಪ್ಪನವರು ಕಂದಾಯ ಮಂತ್ರಿಯಾಗಿ ಹಾಕಿದ ಅಡಿಪಾಯವೂ ಇದೆ. ಅರಸು ಶೂನ್ಯದಿಂದ ಶುರು ಮಾಡಲಿಲ್ಲ.

ಬಯಲುಸೀಮೆಯಲ್ಲಿ 1961ರಿಂದ 1974ರ ನಡುವೆ ಒಕ್ಕಲೆಬ್ಬಿಸುವುದು ಸದ್ದಿಲ್ಲದೆ ಆಗಿಹೋಗಿತ್ತು. ದೊಡ್ಡ ಹಿಡುವಳಿದಾರರು ಮಕ್ಕಳು, ಅಳಿಯಂದಿರ ಹೆಸರಿಗೆ ಪಾಲು ಬರೆದಿಟ್ಟಿದ್ದರು. ಒಂದು ಕುಟುಂಬ ಇಟ್ಟುಕೊಳ್ಳಬಹುದಾದ ಜಮೀನಿನ ಮಿತಿಯೇ ಸಡಿಲ. ಐದು ಜನರ ಕುಟುಂಬಕ್ಕೆ 10 ಯೂನಿಟ್ (ಜಮೀನಿನ ವರ್ಗಕ್ಕೆ ತಕ್ಕಂತೆ ಎಕರೆ ಬದಲಾಗುವ ಅಳತೆ). ಎರಡು ಬೆಳೆ ನೀರಾವರಿಯ ಎ ವರ್ಗದ ಜಮೀನಾದರೆ 10 ಎಕರೆ, ಮಳೆಯಾಶ್ರಿತ ಡಿ ವರ್ಗವಾದರೆ 54 ಎಕರೆ. ಐದಕ್ಕಿಂತ ಹೆಚ್ಚಿದ್ದರೆ ತಲೆಗೆ 2 ಯೂನಿಟ್ ಸೇರುತ್ತ 20ರವರೆಗೆ. ಅಂದರೆ ದೊಡ್ಡ ಕುಟುಂಬ ಖುಷ್ಕಿಯಲ್ಲಿ 108 ಎಕರೆ ಇಟ್ಟುಕೊಳ್ಳಬಹುದಿತ್ತು. ಕಾಫಿ, ಟೀ, ರಬ್ಬರ್, ಏಲಕ್ಕಿ ತೋಟಕ್ಕೆ ಮಿತಿಯೇ ಇಲ್ಲ. ಮಿತಿ ಮೀರಿದ ಹೆಚ್ಚುವರಿ ಎಂದು ಸರ್ಕಾರಕ್ಕೆ ಸಿಕ್ಕ ಭೂಮಿ ಗೇಣಿ ಭೂಮಿಯ ಮುಂದೆ ಬಹಳ ಸಣ್ಣದು.

ಇದರ ಪರಿಣಾಮ ಏನೆಂದರೆ ಹಕ್ಕು ಸಿಕ್ಕಿದ್ದು ಗೇಣಿದಾರನಿಗೆ. ದಲಿತರಲ್ಲಿ ಹೆಚ್ಚಿನವರು ಗೇಣಿದಾರರೇ ಅಲ್ಲ, ಕೂಲಿಗಳು, ಜೀತಕ್ಕಿದ್ದವರು. ಕಾಯ್ದೆಯ 4ನೇ ಕಲಮೇ "ಕೂಲಿಗೆ ಉಳುವವನು ಗೇಣಿದಾರನಲ್ಲ" ಎನ್ನುತ್ತದೆ. ಅತ್ತ ಎರಡು ಮೂರು ಎಕರೆ ಇದ್ದು ಉಳಲು ಗಂಡು ದಿಕ್ಕಿಲ್ಲದೆ ಗೇಣಿಗೆ ಕೊಟ್ಟ ವಿಧವೆಯರು, ಪೂಜೆಯ ಜಮೀನು ನಂಬಿದ ಅರ್ಚಕರು ಸಹ ದೊಡ್ಡ ಜಮೀನ್ದಾರರ ಸಾಲಿನಲ್ಲೇ ಕಳೆದುಕೊಂಡರು. ಸೈನಿಕರು ಮತ್ತು ನಾವಿಕರಿಗೆ ವಿನಾಯಿತಿ ಇತ್ತು, ಇವರಿಗೆ ಇರಲಿಲ್ಲ. ಆ ನೋವು ಸುಳ್ಳಲ್ಲ, ಅದನ್ನು ಹೇಳಿದವರನ್ನೆಲ್ಲ ಜಮೀನ್ದಾರರ ಪರ ಎಂದು ತಳ್ಳಬೇಡಿ.

ಲಕ್ಷ್ಮಣತೀರ್ಥ

ಒಪ್ಪುತ್ತೇನೆ, ಮುಖ್ಯವಾಗಿ ಕೂಲಿಗಳ ವಿಷಯ. ಅದಕ್ಕೇ ಅರಸು ಅವರ ಉಳಿದ ಕಾಯ್ದೆಗಳನ್ನು ಭೂಸುಧಾರಣೆಯ ಜೊತೆಗಿಟ್ಟು ಓದಬೇಕು. 1976ರ ಋಣ ಪರಿಹಾರ ಕಾಯ್ದೆ ಸಣ್ಣ ರೈತ, ಭೂಹೀನ ಕೂಲಿ, ದುರ್ಬಲ ವರ್ಗದವರ ಖಾಸಗಿ ಸಾಲ ತೀರಿತು ಎಂದು ಘೋಷಿಸಿ ಗಿರವಿಗಿಟ್ಟ ಒಡವೆ, ಪಾತ್ರೆ ವಾಪಸು ಕೊಡಿಸಿತು. ಜೀತದ ಬೇರು ಸಾಲ. ಸಾಲ ನಿಂತರೆ ಜೀತ ನಿಲ್ಲುತ್ತದೆ ಎಂಬುದು ಲೆಕ್ಕ. ಎಡವಿದ್ದು ಎಲ್ಲಿ ಎಂದರೆ, ಸಾಹುಕಾರ ಬಾಗಿಲು ಹಾಕಿದ ಮೇಲೆ ಬಿತ್ತನೆಗೆ, ಕಾಯಿಲೆಗೆ ಕೈಸಾಲ ಕೊಡುವವರು ಯಾರು? ಸಹಕಾರ ಸಂಘ ಜಮೀನಿದ್ದವನಿಗೆ ಕೊಡುತ್ತಿತ್ತು, ಕೂಲಿಗೆ ಕೊಡುತ್ತಿರಲಿಲ್ಲ.

1978ರ ಪಿಟಿಸಿಎಲ್ (ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯೂ ಅವರದೇ, 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಕೊಂಡಿದ್ದರೆ ಆ ಕ್ರಯ ಅನೂರ್ಜಿತ, ಉಪವಿಭಾಗಾಧಿಕಾರಿ ವಾಪಸು ಕೊಡಿಸಬೇಕು. ಕೂಲಿಗೆ ಹೊಸ ಭೂಮಿ ಕೊಡಲಾಗದಿದ್ದರೂ ಕೊಟ್ಟದ್ದು ಕೈಬಿಟ್ಟು ಹೋಗದಿರಲಿ ಎಂಬ ಯೋಚನೆ.

ಮತಗಟ್ಟೆ

ರಾಜಕೀಯದ ಕಡೆಗೆ ಬರೋಣ. ಭೂನ್ಯಾಯ ಮಂಡಳಿಗೆ ತಾಲ್ಲೂಕಿಗೆ ನಾಲ್ಕು ಜನ ಸದಸ್ಯರು ಎಂದರೆ ಇಡೀ ರಾಜ್ಯದಲ್ಲಿ ಎಷ್ಟು ಜನ ಹೊಸಬರಿಗೆ ಅಧಿಕಾರದ ಕುರ್ಚಿ ಸಿಕ್ಕಿತು ಲೆಕ್ಕ ಹಾಕಿ. ಕುರುಬರು, ಈಡಿಗರು, ಬಿಲ್ಲವರು, ಬೆಸ್ತರು, ಮುಸ್ಲಿಮರು, ದಲಿತರು ಹೀಗೆ ಅದುವರೆಗೆ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಕಾಯುತ್ತಿದ್ದ ಸಮುದಾಯಗಳ ಜನ ಒಳಗೆ ಮೇಜಿನ ಆ ಬದಿಗೆ ಕೂತರು. ವಿಧಾನಸಭೆಯ ಟಿಕೆಟ್ ಹಂಚಿಕೆಯಲ್ಲೂ ಅದೇ ದಾರಿ. 1972ರಲ್ಲಿ ಗುರುಮಠಕಲ್‌ನಿಂದ ಮಲ್ಲಿಕಾರ್ಜುನ ಖರ್ಗೆ, ಕಾರ್ಕಳದಿಂದ ವೀರಪ್ಪ ಮೊಯ್ಲಿ ಮೊದಲ ಬಾರಿ ಗೆದ್ದು ಬಂದರು. ಇಬ್ಬರೂ ಅರಸು ಸಂಪುಟದಲ್ಲೇ ರಾಜ್ಯ ಸಚಿವರಾದರು. ಪೌರಾಡಳಿತ ಮಂತ್ರಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಿದರು.

ಇಲ್ಲೇ ಒಂದು ಕಪ್ಪು ಚುಕ್ಕೆ. 1973ರ ಕೊನೆಯಲ್ಲಿ, ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂಬ ಮಾತಿಗೆ ಬೂಸಾ ಗಲಾಟೆ ಎದ್ದಾಗ ಅದೇ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಅರಸು ತಮ್ಮ ಈ ಮಂತ್ರಿಯನ್ನು ಉಳಿಸಿಕೊಳ್ಳಲಿಲ್ಲ. ದಲಿತ ಚಳವಳಿ ಸ್ವಂತ ಕಾಲಿನ ಮೇಲೆ ನಿಂತದ್ದು ಆ ಪೆಟ್ಟಿನ ನಂತರ.

ಅಂಕಿ ಬೇಕಾದವರಿಗೆ: 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದಾಗ ಕರ್ನಾಟಕದ 28ರಲ್ಲಿ 26 ಕಾಂಗ್ರೆಸ್‌ಗೆ. 1978ರ ವಿಧಾನಸಭೆಯಲ್ಲಿ 224ರಲ್ಲಿ 149, ಜನತಾ ಪಕ್ಷಕ್ಕೆ 59. ಆ ವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರಿನಲ್ಲಿ ಡಿ.ಬಿ. ಚಂದ್ರೇಗೌಡರು ತೆರವು ಮಾಡಿದ ಲೋಕಸಭಾ ಸ್ಥಾನದಿಂದ ಇಂದಿರಾ ಗಾಂಧಿ ವೀರೇಂದ್ರ ಪಾಟೀಲರ ಎದುರು 77 ಸಾವಿರಕ್ಕೂ ಹೆಚ್ಚು ಮತದಿಂದ ಗೆದ್ದರು.

ಮೀಸಲು ಪಟ್ಟಿ

ಹಿಂದುಳಿದ ವರ್ಗಗಳ ಹಾವನೂರು ಆಯೋಗದ ಬಗ್ಗೆ ಚಿಕ್ಕದಾಗಿ ಹೇಳಿ ಮುಗಿಸುವಂತಿಲ್ಲ. ಹಿನ್ನೆಲೆ ಗೊತ್ತಿರಲಿ. 1963ರ ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ನಮ್ಮ ರಾಜ್ಯದ 68 ಶೇಕಡಾ ಮೀಸಲನ್ನೇ ಹೊಡೆದುಹಾಕಿ, 50ರ ಒಳಗಿರಬೇಕು, ಜಾತಿ ಒಂದೇ ಅಳತೆಯಾಗಬಾರದು ಎಂದಿತ್ತು. ಆದ್ದರಿಂದ ಬರೀ ಆದೇಶ ಹೊರಡಿಸಿದರೆ ನಿಲ್ಲುವುದಿಲ್ಲ, ಕೋರ್ಟಿನ ಮುಂದೆ ಇಡಲು ಅಂಕಿಅಂಶ ಬೇಕು ಎಂಬುದು ಅರಸು ಅವರಿಗೆ ತಿಳಿದಿತ್ತು. 1972ರ ಆಗಸ್ಟಿನಲ್ಲಿ ಎಲ್.ಜಿ. ಹಾವನೂರು ಅಧ್ಯಕ್ಷತೆಯಲ್ಲಿ ಆಯೋಗ, 1975ರ ನವೆಂಬರಿನಲ್ಲಿ ವರದಿ.

ಅಳತೆ ಹೇಗೆ ಮಾಡಿದರು ಎಂದರೆ, 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಪ್ರತಿ ಸಮುದಾಯದಿಂದ ಸಾವಿರ ಜನಸಂಖ್ಯೆಗೆ ಎಷ್ಟು ಮಕ್ಕಳು ತೇರ್ಗಡೆಯಾದರು ಎಂದು ಲೆಕ್ಕ ಹಾಕಿ, ರಾಜ್ಯದ ಸರಾಸರಿಗಿಂತ ಕೆಳಗಿರುವವರನ್ನು ಗುರುತಿಸಿದರು. ಸರ್ಕಾರಿ ನೌಕರಿಗೆ ಇನ್ನೊಂದು ಜರಡಿ, ಆಗಲೇ ಸೇವೆಯಲ್ಲಿ ಎಷ್ಟು ಜನರಿದ್ದಾರೆ ಎಂಬುದು. ಶಿಫಾರಸು ಮೂರು ಗುಂಪಿನದು. ಹಿಂದುಳಿದ ಸಮುದಾಯಗಳಿಗೆ 16, ಹಿಂದುಳಿದ ಜಾತಿಗಳಿಗೆ 10, ಹಿಂದುಳಿದ ಪಂಗಡಗಳಿಗೆ 6, ಒಟ್ಟು 32. ಪರಿಶಿಷ್ಟರ 15 ಮತ್ತು 3 ಸೇರಿದರೆ ಸರಿಯಾಗಿ 50. ಬಾಲಾಜಿ ಗೆರೆಯನ್ನು ಮುಟ್ಟಿ ನಿಂತ ಲೆಕ್ಕ. ಒಕ್ಕಲಿಗರು ಪಟ್ಟಿಯಲ್ಲಿ ಬಂದರು, ಲಿಂಗಾಯತರು ಬರಲಿಲ್ಲ. ಬಿರುಗಾಳಿ ಎದ್ದದ್ದು ಅದಕ್ಕೆ.

1977ರ ಫೆಬ್ರವರಿ 22ರ ಸರ್ಕಾರಿ ಆದೇಶ ಆಯೋಗದ ಅಂಕಿಗಳನ್ನು ಹಿಗ್ಗಿಸಿತು. ಜಾತಿ ನೋಡದೆ ವರಮಾನ ಮತ್ತು ಕಸುಬು ನೋಡುವ ವಿಶೇಷ ಗುಂಪೊಂದನ್ನೂ ಸೇರಿಸಿತು. 1979ರಲ್ಲಿ ಹೈಕೋರ್ಟು ಕೆಲವು ಭಾಗ ರದ್ದು ಮಾಡಿತು. ರದ್ದಾದವುಗಳಲ್ಲಿ ಅರಸು ಸಮುದಾಯವನ್ನು ಹಿಂದುಳಿದವರ ಪಟ್ಟಿಗೆ ಸೇರಿಸಿದ್ದೂ ಒಂದು. ಆಯೋಗದ ಲೆಕ್ಕದಿಂದ ಎಲ್ಲಿ ದೂರ ಸರಿದರೋ ಅಲ್ಲಲ್ಲೇ ಕೋರ್ಟಿನಲ್ಲಿ ತೊಂದರೆಯಾಯಿತು ಎಂಬುದು ನನ್ನ ಓದು. ಆದರೂ ಹಾಸ್ಟೆಲ್, ವಿದ್ಯಾರ್ಥಿವೇತನ, ಹುದ್ದೆ ಎಂದು ಮೂರೂ ಒಟ್ಟಿಗೆ ತೆರೆದದ್ದು ಆ ಆದೇಶ. ಹಾಸ್ಟೆಲ್ಲಿನ ಊಟ ಇಲ್ಲದೆ ಮೀಸಲು ಸೀಟು ಹಳ್ಳಿ ಹುಡುಗನಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ.

ಕೆಂಪುಮಣ್ಣು

ತುರ್ತು ಪರಿಸ್ಥಿತಿಯನ್ನು ಯಾರೂ ಮುಟ್ಟಲಿಲ್ಲ. 1975ರ ಜೂನ್ 26ರಂದು ಅಡ್ವಾಣಿ, ವಾಜಪೇಯಿ, ಮಧು ದಂಡವತೆ ಬಂಧನವಾದದ್ದು ಬೆಂಗಳೂರಿನಲ್ಲಿ, ಇಟ್ಟದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಅದೇ ಜೈಲಿನಲ್ಲಿ ಉಬ್ಬಸದಿಂದ ನರಳಿದ ನಟಿ ಸ್ನೇಹಲತಾ ರೆಡ್ಡಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ಆಗ ಮುಖ್ಯಮಂತ್ರಿ ಅರಸು. ದಿಲ್ಲಿಯ ಆದೇಶ ಎಂದು ಹೇಳಿದರೆ ಹೊಣೆ ತಪ್ಪುವುದಿಲ್ಲ. ಉತ್ತರದಷ್ಟು ಕ್ರೌರ್ಯ ಇಲ್ಲಿ ಆಗಲಿಲ್ಲ ಎಂಬುದು ನಿಜ, ಆದರೆ ಸ್ನೇಹಲತಾ ಅವರ ಸಾವಿಗೆ ಅದು ಉತ್ತರವಲ್ಲ.

ಅರಸು ಮೇಲಿನ ಭ್ರಷ್ಟಾಚಾರದ ಆರೋಪ ಕೂಡ. 1977ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ತಾನೇ ಒಂದು ಆಯೋಗ ನೇಮಿಸಿತು. ಕೆಲವೇ ದಿನಗಳಲ್ಲಿ ಕೇಂದ್ರದ ಜನತಾ ಸರ್ಕಾರ ನ್ಯಾಯಮೂರ್ತಿ ಎ.ಎನ್. ಗ್ರೋವರ್ ಆಯೋಗ ನೇಮಿಸಿತು. ರಾಜ್ಯ ಸುಪ್ರೀಂ ಕೋರ್ಟಿಗೆ ಹೋಗಿ ಸೋತಿತು. ಮುಖ್ಯಮಂತ್ರಿಯ ಮೇಲೆ ಕೇಂದ್ರ ವಿಚಾರಣೆ ನಡೆಸಬಹುದೇ ಎಂಬ ಪ್ರಶ್ನೆಗೆ ಇವತ್ತಿಗೂ ಆ ತೀರ್ಪನ್ನೇ ಎತ್ತಿ ಹೇಳುತ್ತಾರೆ. ಗ್ರೋವರ್ ವರದಿ ಕೆಲವು ಆರೋಪಗಳಲ್ಲಿ ಸ್ವಜನಪಕ್ಷಪಾತ ಕಂಡಿತು. 1977ರ ಡಿಸೆಂಬರ್ 31ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಜನ ಎರಡು ತಿಂಗಳಲ್ಲಿ ಮತ್ತೆ ಗೆಲ್ಲಿಸಿದರು ನಿಜ. ಗೆಲುವು ಆರೋಪವನ್ನು ತೊಳೆಯುವುದಿಲ್ಲ.

ಲಕ್ಷ್ಮಣತೀರ್ಥ

ಇದನ್ನು ಮುಚ್ಚಿಡಬಾರದು, ಬರೆದದ್ದು ಒಳ್ಳೆಯದಾಯಿತು. ಒಂದು ವಿವರ ಮಾತ್ರ ಸೇರಿಸುತ್ತೇನೆ. ಭೂನ್ಯಾಯ ಮಂಡಳಿಗಳು ಜೋರಾಗಿ ಕೆಲಸ ಮಾಡಿದ್ದೂ ತುರ್ತು ಪರಿಸ್ಥಿತಿಯ ಕಾಲದಲ್ಲೇ. ಬಾಯಿ ಮುಚ್ಚಿಸಿದ ಕಾಲದಲ್ಲಿ ಒಡೆಯರ ವಿರೋಧವೂ ಮುಚ್ಚಿಹೋಯಿತು. ಅರಸು ಅವರನ್ನು ಮೆಚ್ಚುವವರಿಗೆ ಇದು ಕಷ್ಟದ ಪ್ರಶ್ನೆ, ನನಗೂ.

ಹೊಸಗಣ್ಣು

ಇಷ್ಟೆಲ್ಲ ಮಾಡಿದವರು 1980ರಲ್ಲಿ ಒಂದೇ ಒಂದು ಲೋಕಸಭಾ ಸ್ಥಾನವನ್ನೂ ಗೆಲ್ಲಿಸಿಕೊಳ್ಳಲಾಗದಷ್ಟು ಸೋತದ್ದು ಹೇಗೆ? ಹಕ್ಕುಪತ್ರ ಪಡೆದವರೆಲ್ಲ ಎಲ್ಲಿ ಹೋದರು?

ಮತಗಟ್ಟೆ

ಕಾಂಗ್ರೆಸ್‌ನಲ್ಲೇ ಇದ್ದರು, ಇಂದಿರಾ ಅವರ ಕೈ ಗುರುತಿನ ಜೊತೆ.

1979ರಲ್ಲಿ ಮುಖ್ಯಮಂತ್ರಿ ಪದವಿಯ ಜೊತೆ ಪ್ರದೇಶ ಕಾಂಗ್ರೆಸ್ ಅಧ್ಯಕ್ಷ ಪದವಿಯೂ ಅರಸು ಬಳಿ ಇರಬೇಕೇ ಎಂಬಲ್ಲಿ ಜಗಳ ಶುರುವಾಯಿತು. ಅದರ ಹಿಂದೆ ಸಂಜಯ್ ಗಾಂಧಿ ಬಣದ ಒತ್ತಡ ಇತ್ತು. ಜೂನ್‌ನಲ್ಲಿ ಇಂದಿರಾ ಗಾಂಧಿಯವರು ಅರಸು ಅವರನ್ನು ಪಕ್ಷದಿಂದ ಉಚ್ಚಾಟಿಸಿದರು. ಶಾಸಕರ ದೊಡ್ಡ ಗುಂಪು ಅರಸು ಜೊತೆ ನಿಂತದ್ದರಿಂದ ಸರ್ಕಾರ ಉಳಿಯಿತು. ಅವರು ಕಾಂಗ್ರೆಸ್ (ಅರಸು) ಪಕ್ಷದ ಅಖಿಲ ಭಾರತ ಅಧ್ಯಕ್ಷರೂ ಆದರು. ಆದರೆ ಹತ್ತು ವರ್ಷ ಪ್ರತಿ ಸಭೆಯಲ್ಲಿ, ಪ್ರತಿ ಹಕ್ಕುಪತ್ರ ವಿತರಣೆಯಲ್ಲಿ ಅವರೇ "ಇದು ಇಂದಿರಮ್ಮನ ಕೊಡುಗೆ" ಎಂದಿದ್ದರು. ಜನ ಆ ಮಾತನ್ನು ನಂಬಿದರು. 1980ರ ಜನವರಿಯಲ್ಲಿ 28ರಲ್ಲಿ 27 ಇಂದಿರಾ ಕಾಂಗ್ರೆಸ್‌ಗೆ, ಒಂದು ಜನತಾ ಪಕ್ಷಕ್ಕೆ, ಅರಸು ಪಕ್ಷಕ್ಕೆ ಸೊನ್ನೆ. ಫಲಿತಾಂಶ ಬಂದ ಬೆನ್ನಿಗೇ ಶಾಸಕರು ಸಾಲಾಗಿ ಆ ಕಡೆ ಹೊರಟರು, ಅರಸು ರಾಜೀನಾಮೆ ಕೊಟ್ಟರು, ಜನವರಿ 12ಕ್ಕೆ ಗುಂಡೂರಾವ್ ಮುಖ್ಯಮಂತ್ರಿ. ಪಕ್ಷಾಂತರ ನಿಷೇಧ ಕಾಯ್ದೆ ಬಂದದ್ದು 1985ರಲ್ಲಿ, ಆಗ ತಡೆಯುವ ಯಾವ ಕಾನೂನೂ ಇರಲಿಲ್ಲ.

ನನ್ನ ಲೆಕ್ಕದಲ್ಲಿ ಇನ್ನೊಂದು ಕೊರತೆ. ತಾಲ್ಲೂಕು ಮಟ್ಟದಲ್ಲಿ ಅವರು ಎತ್ತಿ ಕೂರಿಸಿದವರೆಲ್ಲ ನೇಮಕದಿಂದ ಬಂದವರು, ಚುನಾವಣೆಯಿಂದಲ್ಲ. ನೇಮಕ ಮಾಡುವ ಕೈ ಬದಲಾದ ದಿನ ಅವರೂ ಬದಲಾದರು. ಚುನಾಯಿತ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿ ಬರಲು ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಮತ್ತು ಅವರ ಮಂತ್ರಿ ನಜೀರ್ ಸಾಬ್ ಕಾಲದವರೆಗೆ ಕಾಯಬೇಕಾಯಿತು.

ಕಡಲ ಕರೆ

ಕೊನೆಯ ಭಾಗವನ್ನೂ ಸೇರಿಸಿ. ಅರಸು ಕರ್ನಾಟಕ ಕ್ರಾಂತಿರಂಗ ಎಂಬ ಪಕ್ಷ ಕಟ್ಟಲು ಹೊರಟರು, 1982ರ ಜೂನ್ 6ರಂದು ತೀರಿಕೊಂಡರು. ಬಂಗಾರಪ್ಪನವರು ಮುಂದಾಳಾಗಿ ಕ್ರಾಂತಿರಂಗ ಜನತಾ ಪಕ್ಷದ ಜೊತೆ ಸೇರಿ 1983ರಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಅರಸು ಅದನ್ನು ನೋಡಲಿಲ್ಲ.

ಪಹಣಿ ಪುಟ

ಕಾಯ್ದೆ ಈಗ ಎಲ್ಲಿ ನಿಂತಿದೆ ಎಂಬುದನ್ನು ಹೇಳಿ ನನ್ನ ಭಾಗ ಮುಗಿಸುತ್ತೇನೆ. 1974ರಲ್ಲಿ 79ಎ ಕಲಂ, ಬೇಸಾಯವಲ್ಲದ ಮೂಲದಿಂದ ವರ್ಷಕ್ಕೆ 12,000 ರೂಪಾಯಿಗಿಂತ ಹೆಚ್ಚು ವರಮಾನ ಇರುವವರು ಕೃಷಿ ಜಮೀನು ಕೊಳ್ಳುವಂತಿಲ್ಲ ಎಂದಿತ್ತು. ಅದು 50,000ಕ್ಕೆ, ಆಮೇಲೆ 2 ಲಕ್ಷಕ್ಕೆ, 2015ರಲ್ಲಿ 25 ಲಕ್ಷಕ್ಕೆ ಏರಿತು. 2020ರಲ್ಲಿ 79ಎ, ಸಂಸ್ಥೆ ಕಂಪನಿಗಳು ಕೃಷಿ ಜಮೀನು ಇಟ್ಟುಕೊಳ್ಳದಂತೆ ತಡೆಯುತ್ತಿದ್ದ 79ಬಿ ಎರಡನ್ನೂ ತೆಗೆದೇಹಾಕಿದರು. ಆದರೆ 44ನೇ ಕಲಂ ಹಾಗೇ ಇದೆ. ಫಾರಂ 10 ಕೈಯಲ್ಲಿದ್ದು ಪಹಣಿಗೆ ಹೆಸರು ಏರಿಸಿಕೊಳ್ಳದವರು ಇನ್ನೂ ಇದ್ದಾರೆ. ಅಂಥವರು ಫಾರಂ 10ರ ಪ್ರತಿ, ಮಂಡಳಿಯ ಆದೇಶದ ಪ್ರತಿ, ಪ್ರೀಮಿಯಂ ಕಟ್ಟಿದ ಚಲನ್, ಮೂಲ ಅರ್ಜಿದಾರ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಸೇರಿಸಿ ತಹಶೀಲ್ದಾರರಿಗೆ ಖಾತೆ ಬದಲಾವಣೆ ಅರ್ಜಿ ಕೊಡಿ. ಚಲನ್ ಕಳೆದಿದ್ದರೆ ಮೊದಲು ತಾಲ್ಲೂಕು ಕಚೇರಿಯ ಪ್ರೀಮಿಯಂ ವಸೂಲಿ ವಹಿಯಲ್ಲಿ ಹೆಸರು ಹುಡುಕಿಸಿ, ಆ ಪುಟದ ನಕಲು ತೆಗೆದುಕೊಳ್ಳಿ.